ಸ್ಕೀ ಊರು ಆರಿಸುವ ಮುನ್ನ ಓಡಾಟದ ಲೆಕ್ಕ ಹಾಕಿ

ಆಲ್ಪ್ಸ್‌ಗೆ ಸ್ಕೀ ಮಾಡಲು ಹೊರಟವರು ಮೊದಲು ವಿಚಾರಿಸುವುದು ಹಿಮ ಎಷ್ಟಿದೆ, ಕೋಣೆಗೆ ಎಷ್ಟಾಗುತ್ತೆ ಅಂತ. ಅಷ್ಟೇ ಮುಖ್ಯವಾದ ಇನ್ನೊಂದಿದೆ: ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗೆ ಕೋಣೆಯಿಂದ ಎಷ್ಟು ದೂರ? ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕಾಲ್ಗಿಣ್ಣು ಮಡಚಲು ಬಿಡುವುದಿಲ್ಲ. ಅದನ್ನು ಹಾಕಿಕೊಂಡು, ಹೆಗಲಿಗೆ ಸ್ಕೀ ಏರಿಸಿ, ಜಾರುವ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೂ ಸುಸ್ತಾಗುತ್ತದೆ.

1. ಊರು ತಲುಪುವ ದಾರಿ ನೋಡಿ

ರೈಲಿನಲ್ಲೇ ಹೋಗುವವರಿಗೆ ಆಸ್ಟ್ರಿಯಾದ ಸೇಂಟ್ ಆಂಟನ್ ತುಂಬ ಅನುಕೂಲ. ಜ್ಯೂರಿಕ್, ಇನ್ಸ್‌ಬ್ರುಕ್ ಕಡೆಯ ರೈಲುಗಳು ಊರೊಳಗೇ ನಿಲ್ಲುತ್ತವೆ. ಬೆಟ್ಟಕ್ಕೆ ಹತ್ತುವ ಗಾಲ್ಜಿಗ್ ಗೊಂಡೋಲಾ (ತಂತಿಯ ಮೇಲೆ ತೂಗಿ ಸಾಗುವ ಲಿಫ್ಟ್) ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಫ್ರಾನ್ಸಿನ ವಾಲ್ ಥೊರೆನ್ಸ್‌ಗೆ ಕೆಳಗಿನ ಮೂಟಿಯೇ ಊರಿನ ತನಕ ಮಾತ್ರ ರೈಲು, ಆಮೇಲೆ ಘಟ್ಟ ಹತ್ತುವ ಬಸ್ಸು. ಫ್ರಾನ್ಸಿನಲ್ಲಿ ಬಾಡಿಗೆ ಮನೆಗಳು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಅವತ್ತು ರಸ್ತೆ ತುಂಬಿಹೋಗುತ್ತದೆ, ಭಾನುವಾರದಿಂದ ಸಿಗುವ ಕೋಣೆ ಹುಡುಕಿ.

ಸ್ವಿಟ್ಜರ್ಲೆಂಡಿನ ಜರ್ಮಾಟ್‌ಗೆ ಹೊರಗಿನವರ ಕಾರು ಬಿಡುವುದಿಲ್ಲ. ಹತ್ತಿರದ ಟ್ಯಾಶ್ ಊರಲ್ಲಿ ನಿಲ್ಲಿಸಿ ರೈಲು ಹತ್ತಿದರೆ 12 ನಿಮಿಷ.

2. ಊರೊಳಗಿನ ನಕ್ಷೆ ತೆರೆಯಿರಿ

ಲಿಫ್ಟ್‌ಗಳು ಎಲ್ಲಿವೆ ಎಂದು ಗುರುತು ಹಾಕಿ, ಆಮೇಲೆ ಕೋಣೆ ನೋಡಿ. ಜರ್ಮಾಟ್‌ನಲ್ಲಿ ಗೋರ್ನರ್‌ಗ್ರಾಟ್‌ಗೆ ಹೋಗುವ ಹಲ್ಲುಚಕ್ರದ ರೈಲು ಮುಖ್ಯ ನಿಲ್ದಾಣದ ಎದುರಿಗೇ ಸಿಗುತ್ತದೆ. ಮ್ಯಾಟರ್‌ಹಾರ್ನ್ ಹಿಮನದಿಯ ಕಡೆಗೆ ಹೋಗುವ ಲಿಫ್ಟ್ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ನಡುವೆ ವಿದ್ಯುತ್ ಬಸ್ಸು, ಟ್ಯಾಕ್ಸಿ ಓಡುತ್ತವೆ.

ಫ್ರಾನ್ಸಿನ ಶಾಮೊನಿ ಇನ್ನೂ ಕಷ್ಟ. ಸ್ಕೀ ಮಾಡುವ ಜಾಗಗಳು ಬೇರೆ ಬೇರೆ ಕಡೆ ಇವೆ: ಬ್ರೆವಾಂ ಊರಿನ ಮೇಲೆ, ಗ್ರಾಂ ಮಾಂಟೆ ಆರ್ಜಾಂಟಿಯೆರ್‌ನಲ್ಲಿ, ಲೆ ಟೂರ್ ಕಣಿವೆಯ ಕೊನೆಯಲ್ಲಿ. ಇವುಗಳ ನಡುವೆ ಬಸ್ಸು ಅಥವಾ ರೈಲೇ ಗತಿ. ಬೆಟ್ಟದ ಚೆಲುವಿಗೆ ನಾನು ಶಾಮೊನಿಯನ್ನು ಒಪ್ಪುತ್ತೇನೆ, ಆದರೆ ಚಿಕ್ಕ ಮಕ್ಕಳಿದ್ದರೆ ಬೇಡವೇ ಬೇಡ. ಅಂಥವರಿಗೆ 2300 ಮೀಟರ್ ಎತ್ತರದ ವಾಲ್ ಥೊರೆನ್ಸ್ ಸರಿ. ಅಲ್ಲಿನ ಬಹುತೇಕ ಕಟ್ಟಡಗಳಿಂದ ನೇರ ಹಿಮಕ್ಕೇ ಕಾಲಿಡಬಹುದು.

3. ಲಾಕರ್ ಕೇಳಿ

ಲಿಫ್ಟ್ ಪಕ್ಕದ ಬಾಡಿಗೆ ಅಂಗಡಿಯಲ್ಲಿ ಲಾಕರ್ ಇದ್ದರೆ ದುಡ್ಡು ಕೊಟ್ಟಾದರೂ ತೊಗೊಳ್ಳಿ. ಸ್ಕೀ, ಬೂಟು ಅಲ್ಲೇ ಇರಲಿ, ನೀವು ಮಾಮೂಲಿ ಶೂನಲ್ಲಿ ಓಡಾಡಿ. ಬೂಟು ಒಣಗಿಸುವ ವ್ಯವಸ್ಥೆ ಇದೆಯೇ ಎಂದೂ ಕೇಳಿ. ಬೆಳಿಗ್ಗೆ ಒದ್ದೆ ಬೂಟಿಗೆ ಕಾಲು ತೂರಿಸುವುದು ಯಾರಿಗೆ ಬೇಕು, ಅಲ್ವಾ?

4. ಕೊನೆಯ ಲಿಫ್ಟ್ ಸಮಯ ಬರೆದಿಟ್ಟುಕೊಳ್ಳಿ

ಇದನ್ನು ಮರೆಯಲೇಬೇಡಿ. ವಾಲ್ ಥೊರೆನ್ಸ್ ಇರುವುದು ತ್ರೀ ವ್ಯಾಲೀಸ್‌ನಲ್ಲಿ, ಅಂದರೆ ಲಿಫ್ಟ್‌ಗಳಿಂದ ಕೂಡಿಕೊಂಡ ಕಣಿವೆಗಳ 600 ಕಿಲೋಮೀಟರ್ ಇಳಿಜಾರುಗಳ ಪ್ರದೇಶದಲ್ಲಿ. ಅಲ್ಲಿನ ಇನ್ನೊಂದು ಊರು ಕೂರ್ಶೆವೆಲ್‌ನಿಂದ ವಾಲ್ ಥೊರೆನ್ಸ್‌ಗೆ ಹಿಂತಿರುಗಲು ಮೆರಿಬೆಲ್ ಕಣಿವೆ ದಾಟಬೇಕು. ಲಿಫ್ಟ್ ತಪ್ಪಿದರೆ ಟ್ಯಾಕ್ಸಿ ಕೆಳಗಿನ ಮೂಟಿಯೇಗೆ ಇಳಿದು, ಮತ್ತೆ ಪೂರ್ತಿ ಮೇಲೆ ಹತ್ತಬೇಕು. ಜರ್ಮಾಟ್‌ನಿಂದ ಇಟಲಿಯ ಚೆರ್ವೀನಿಯಾಕ್ಕೆ ಜಾರಿಕೊಂಡು ಹೋದವರ ಪಾಡು ಇನ್ನೂ ಕೆಟ್ಟದು, ರಸ್ತೆ ಬೆಟ್ಟಸಾಲನ್ನೇ ಸುತ್ತಿ ಬರುತ್ತದೆ. ಜೋರು ಗಾಳಿಗೆ ಮೇಲಿನ ಲಿಫ್ಟ್‌ಗಳನ್ನು ಸಮಯಕ್ಕೆ ಮೊದಲೇ ನಿಲ್ಲಿಸುವುದೂ ಉಂಟು. ಹಾಗಾಗಿ ಇಟಲಿಯಲ್ಲಿ ಬೇಗ ಊಟ ಮುಗಿಸಿ, ಮಧ್ಯಾಹ್ನವೇ ಹಿಂದಿರುಗಿ. ಜೇಬಿನಲ್ಲಿ ಪಾಸ್‌ಪೋರ್ಟ್ ಇರಲಿ.