ತಳವಿಲ್ಲದ ಬುಟ್ಟಿಯಲ್ಲಿ ಬಸಳೆ: ಕಿರಿಬಾಸ್‌ನ ಹವಳದ ಮರಳಲ್ಲಿ ನನ್ನ ಅನುಭವ

2017ರಲ್ಲಿ ಫಿಜಿಯ ನಾಂದಿಯಲ್ಲಿ ವಿಮಾನ ಬದಲಿಸುವಾಗ ಹಿರಿಯ ಸಲಹೆಗಾರರೊಬ್ಬರು ಜೊತೆಗೆ ಸಿಕ್ಕಿದ್ದರು. ಕಿರಿಬಾಸ್‌ನ ಮನೆಯಂಗಳಗಳಲ್ಲಿ ಸೊಪ್ಪು ಬೆಳೆಸುವ ಯೋಜನೆಗೆ ಹೊರಟಿದ್ದೇನೆ ಎಂದು ಕೇಳಿದವರೇ, "ಹವಳದ ಮರಳಲ್ಲಿ ಸೊಪ್ಪು ತರಕಾರಿ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಯೋಜನೆ ಮುಗಿದ ಮರುವರ್ಷ ತೋಟವೂ ಮುಗಿಯುತ್ತದೆ" ಅಂದರು. ಮೊದಲ ಹದಿನಾಲ್ಕು ತಿಂಗಳು ಅವರ ಮಾತೇ ನಿಜವಾಯಿತು. ಆಮೇಲೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಕ್ಷೆಯಲ್ಲಿ ಕಿರಿಬಾಟಿ ಎಂದಿರುತ್ತದೆ, ಅಲ್ಲಿಯವರ ಬಾಯಲ್ಲಿ ಅದು ಕಿರಿಬಾಸ್. ಶಾಂತ ಸಾಗರದ ನಡುವೆ 33 ದ್ವೀಪ, ಒಂದು ಲಕ್ಷ ಚಿಲ್ಲರೆ ಜನ, ಚಲಾವಣೆಯಲ್ಲಿರುವುದು ಆಸ್ಟ್ರೇಲಿಯಾದ ಡಾಲರ್. ನನ್ನ ಕೆಲಸ ಇದ್ದದ್ದು ರಾಜಧಾನಿ ದಕ್ಷಿಣ ತರಾವಾದಿಂದ ದೋಣಿಯಲ್ಲಿ ಎರಡು-ಮೂರು ಗಂಟೆ ದೂರದ ಅಬಯಾಂಗ್ ದ್ವೀಪದಲ್ಲಿ. ಊಟ ಅಂದರೆ ಹಡಗಿನಲ್ಲಿ ಬರುವ ಬಿಳಿ ಅಕ್ಕಿ, ಮೈದಾ, ಸಕ್ಕರೆ, ಮತ್ತೆ ಸಮುದ್ರದ ಮೀನು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರನ್ನು ಹಳ್ಳಿ ಹಳ್ಳಿಯಲ್ಲೂ ನೋಡಿದೆ. ಮನೆಯಂಗಳದಲ್ಲಿ ಹಸಿರು ಸೊಪ್ಪು ಬರಬೇಕು, ಯೋಜನೆಯ ಉದ್ದೇಶ ಅಷ್ಟೆ.

ನಾನು ಪುತ್ತೂರು ಕಡೆಯವನು. ಬಸಳೆ ಚಪ್ಪರದ ಕೆಳಗೇ ಬೆಳೆದವನು, ಆ ಧೈರ್ಯವೇ ಮೊದಲು ಕೈಕೊಟ್ಟಿತು. ನಮ್ಮಲ್ಲಿ ಬಸಳೆ ಬುಡಕ್ಕೆ ಬೂದಿ ಹಾಕುವುದು ರೂಢಿ, ಮುರ (ಜಂಬಿಟ್ಟಿಗೆ) ಮಣ್ಣಿನ ಹುಳಿಗೆ ಅದು ಸರಿ. ಅಲ್ಲಿನ ಮರಳು ಹವಳ, ಅಂದರೆ ಸುಣ್ಣ. ಮೀಟರ್ ಅದ್ದಿದರೆ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) 8.3, 8.5 ತೋರಿಸುತ್ತಿತ್ತು. ನಾನು ಅಂಥಾ ಮರಳಿಗೆ ಅಭ್ಯಾಸಬಲದಿಂದ ಬೂದಿ ಸುರಿದೆ. ಮೂರೇ ವಾರ. ಚಿಗುರೆಲೆ ಹಳದಿ ತಿರುಗಿತು, ನರಗಳು ಮಾತ್ರ ಹಸಿರು, ಮೀನಿನ ಬಲೆ ಹರಡಿಟ್ಟಂತೆ. ಇದು ಕಬ್ಬಿಣದ ಕೊರತೆ ಅಂತ ನೋಡಿದ ತಕ್ಷಣ ಗೊತ್ತಾಯಿತು. ಬೂದಿ ಹಾಕುವ ಮೊದಲೇ ಗೊತ್ತಾಗಬೇಕಿತ್ತು.

ಫಿಜಿಯಿಂದ ಕಬ್ಬಿಣದ ಗೊಬ್ಬರ ಫೆರಸ್ ಸಲ್ಫೇಟ್ ತರಿಸಿದೆ. ಮೂಟೆಯ ಬೆಲೆಗಿಂತ ಹಡಗಿನ ಬಾಡಿಗೆಯೇ ಹೆಚ್ಚು. ಬುಡಕ್ಕೆ ಹಾಕಿದ್ದು ಆ ಸುಣ್ಣದಲ್ಲಿ ಕೆಲವೇ ದಿನಕ್ಕೆ ಗಟ್ಟಿಯಾಗಿ ಗಿಡಕ್ಕೆ ದಕ್ಕದೆ ಹೋಯಿತು. ಎಲೆಗೆ ಸಿಂಪಡಿಸಿದೆ. ಚುಕ್ಕೆ ಚುಕ್ಕೆಯಾಗಿ ಹಸಿರು ಬಂತು, ಹದಿನೈದು ದಿನಕ್ಕೆ ಹೊಸ ಎಲೆ ಮತ್ತೆ ಹಳದಿ. ಕಬ್ಬಿಣವನ್ನು ಗಿಡಕ್ಕೆ ದಕ್ಕುವಂತೆ ಹಿಡಿದಿಡುವ ರಾಸಾಯನಿಕಗಳೂ ಇವೆ. ಅದರಲ್ಲಿ ಇಡಿಟಿಎ ಕಬ್ಬಿಣ ಆ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್‌ಎ ನಿಲ್ಲುತ್ತದೆ, ಅದರ ಬೆಲೆಗೆ ಬಸಳೆ ಬೆಳೆಯುವ ಬದಲು ವಿಮಾನದಲ್ಲಿ ಬಸಳೆಯನ್ನೇ ತರಿಸಬಹುದು. ನಾನು ಸ್ಪ್ರೇಯರ್ ಹೊತ್ತು ಓಡಾಡುವುದನ್ನು ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಒಂದು ದಿನ, "ನೀನು ಎಲೆಗೆ ಬಣ್ಣ ಬಳಿಯುತ್ತಿದ್ದೀಯ ಮಗಾ, ಬೇರಿಗೆ ಊಟ ಎಲ್ಲಿ?" ಅಂತ ಕೇಳಿದರು. ಕೇಳಿ ತಮ್ಮ ಬಾಬಾಯಿ ಗುಂಡಿಗೆ ಕರೆದುಕೊಂಡು ಹೋದರು.

ಬಾಬಾಯಿ ಅಂದರೆ ಜೌಗಿನ ದೊಡ್ಡ ಕೆಸು, ನಮ್ಮ ಮುಂಡಿಗೆ ಅಣ್ಣನಾಗಬೇಕು. ಹವಳದ ನೆಲವನ್ನು ಆಳೆತ್ತರಕ್ಕೂ ಹೆಚ್ಚು ಅಗೆದು, ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಂತಿರುವ ಮಟ್ಟ ಮುಟ್ಟಿ, ಅಲ್ಲಿ ಗೆಡ್ಡೆ ನೆಡುತ್ತಾರೆ. ಗಿಡದ ಸುತ್ತ ಎಲೆಯಿಂದ ಹೆಣೆದ ತಳವಿಲ್ಲದ ಬುಟ್ಟಿ, ಅದರೊಳಗೆ ಆಗಾಗ ತುಂಬುವ ಒಣ ಸೊಪ್ಪು. ಅಜ್ಜಿ ಬುಟ್ಟಿಯೊಳಗೆ ಕೈ ಇಳಿಸಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಕಪ್ಪಗೆ, ತಣ್ಣಗೆ, ಹಿಂಡಿದರೆ ನೀರು ಒಸರುವ ಗೊಬ್ಬರ. ನಡುವೆ ತುಕ್ಕು ಹಿಡಿದ ಮೀನಿನ ಡಬ್ಬಿಯ ಚೂರು, ಬೆರಳಲ್ಲಿ ಒತ್ತಿದರೆ ಕೆಂಪು ಪುಡಿಯಾಗುತ್ತಿತ್ತು. ಕೊಳೆಯುವ ಸೊಪ್ಪಿನ ಹುಳಿಯೇ ತುಕ್ಕನ್ನು ಕರಗಿಸಿ ಬೇರಿಗೆ ಉಣಿಸುತ್ತಿತ್ತು. ನಾನು ಎಂಟು ತಿಂಗಳು ಹಡಗಿನಲ್ಲಿ ತರಿಸಿದ್ದು ಅವರ ಗುಂಡಿಯಲ್ಲೇ ಬಿದ್ದಿತ್ತು.

ಅಲ್ಲಿಂದ ನನ್ನ ದಾರಿ ತಿರುಗಿತು. ಗುಂಡಿ ತೋಡುವುದು ಬೇಡ, ಬುಟ್ಟಿಯನ್ನು ಅಂಗಳದ ಮೇಲೇ ಕೂರಿಸೋಣ ಅಂದುಕೊಂಡೆ. ತೆಂಗಿನ ಮಡಲು ಹೆಣೆದು ಎರಡೂವರೆ ಅಡಿ ಅಗಲ, ಮೊಣಕಾಲೆತ್ತರದ ಬುಟ್ಟಿ. ತಳದಲ್ಲಿ ತೆಂಗಿನ ಸಿಪ್ಪೆ ಬೆನ್ನು ಕೆಳಗೆ ಮಾಡಿ, ನೀರು ಹಿಡಿಯಲು. ಮೇಲೆ ಸೊಪ್ಪು, ಹಂದಿ ಗೊಬ್ಬರ, ಮೀನಿನ ಕರುಳು ತಲೆ, ತುಕ್ಕು ಡಬ್ಬಿ, ಮತ್ತೆ ಸೊಪ್ಪು. ಎಂಟು ಹತ್ತು ವಾರಕ್ಕೆ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಮತ್ತೆ ತುಂಬಿ ನೆಡುವುದು. ಯಾವ ಸೊಪ್ಪು ಮೊದಲು, ಮೀನಿನ ನೀರನ್ನು ಎಷ್ಟು ದಿನ ಮುಚ್ಚಿಡಬೇಕು ಎಂಬ ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಬಾಬಾಯಿಯ ಗುಟ್ಟು ಮನೆತನದ ಆಸ್ತಿ, ಪಕ್ಕದ ಮನೆಗೂ ಹೇಳುವುದಿಲ್ಲ. ನನಗೆ ಹೇಳಿದ್ದು ನಂಬಿ.

ಇಲ್ಲೂ ಎಡವಿದ್ದೇನೆ. ಸಿಪ್ಪೆ ಪುಡಿ ಮಾಡಲು ಪೆಟ್ರೋಲ್ ಶ್ರೆಡ್ಡರ್ ತರಿಸಿದೆವು, ಸುಮಾರು 3,500 ಡಾಲರ್. ಒಂದು ವಾರಕ್ಕೆ ನಾರು ಬ್ಲೇಡಿಗೆ ಸುತ್ತಿ ಬೇರಿಂಗ್ ಸುಟ್ಟಿತು. ಬಿಡಿಭಾಗ ಬರಲು ನಾಲ್ಕು ತಿಂಗಳು, ಬಂದದ್ದು ಬೇರೆ ಅಳತೆಯದು. ಇನ್ನೊಂದು ಸಲ ಸಿಪ್ಪೆ ನೆನೆಸಿಡಿ ಅಂದದ್ದಕ್ಕೆ ಹೆಂಗಸರು ಹಗ್ಗ ಹೊಸೆಯಲು ನೆನೆಸುವ ರೂಢಿಯಂತೆ ಲಗೂನಿನ ಉಪ್ಪುನೀರಲ್ಲೇ ಹೂತಿಟ್ಟರು. ನಾನು ನಾಲಿಗೆಗೆ ಹಚ್ಚಿ ನೋಡಲಿಲ್ಲ. ಇನ್ನೂರು ಚಿಲ್ಲರೆ ಸಸಿ ಅಂಚು ಸುಟ್ಟು ಸತ್ತವು. ಆಮೇಲೆ ಮಳೆಗೆ ಒಂದು ತಿಂಗಳು ಬಿದ್ದಿದ್ದ ಸಿಪ್ಪೆ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ದುಡ್ಡಿನ ಮಾತು. ಯೋಜನೆಯ ಮೂಲ ವಿನ್ಯಾಸದಲ್ಲಿ ಸಿಮೆಂಟ್ ಬ್ಲಾಕಿನ ಪಾತಿ, ನೆರಳು ಬಲೆ, ಹನಿ ಪೈಪು. ಒಂದು ಪಾತಿಗೆ ಮುನ್ನೂರು ಡಾಲರ್ ಮೇಲೆ. ನನ್ನ ಬುಟ್ಟಿಗೆ ಬೀಜ, ಒಂದು ಬಕೆಟ್ ಸೇರಿ ಹತ್ತು-ಹನ್ನೆರಡು. ಎರಡು ವಾರಕ್ಕೆ ಬಂದು ಹೋಗುವ ಒಬ್ಬ ತಜ್ಞನ ಖರ್ಚಿನಲ್ಲಿ ಸಾವಿರ ಬುಟ್ಟಿ ಏಳುತ್ತದೆ. 2014ರಲ್ಲಿ ಭಾರತ ಪ್ರತಿ ಪೆಸಿಫಿಕ್ ದ್ವೀಪ ರಾಷ್ಟ್ರಕ್ಕೆ ಕೊಡುವ ವಾರ್ಷಿಕ ಅನುದಾನವನ್ನು 1.25 ಲಕ್ಷದಿಂದ 2 ಲಕ್ಷ ಅಮೆರಿಕನ್ ಡಾಲರ್‌ಗೆ ಏರಿಸಿತ್ತು. ಆಗ ಅದನ್ನು ಚಿಲ್ಲರೆ ಹಣ ಅಂದವರಿದ್ದರು. ಇಂಥ ಕೆಲಸಕ್ಕೆ ಅದು ಧಾರಾಳ. ದೊಡ್ಡ ಹಣಕ್ಕೆ ದೊಡ್ಡ ಟೆಂಡರ್ ಬೇಕು, ದೊಡ್ಡ ಟೆಂಡರಿಗೆ ಸಿಮೆಂಟೇ ಬರುತ್ತದೆ.

ಸಮುದಾಯ ತೋಟ ಎಂಬ ಕಲ್ಪನೆ ಮೊದಲ ವರ್ಷವೇ ಬಿದ್ದುಹೋಯಿತು. ಅಲ್ಲಿ ನೆಲ ಕುಟುಂಬದ್ದು. ಮನೇಬದಲ್ಲಿ, ಅಂದರೆ ಊರ ಸಭಾಮನೆಯಲ್ಲಿ, ಹಿರಿಯರು ಒಪ್ಪಿದರೂ ಪಾತಿ ಕಟ್ಟಿದ ಮೇಲೆ ದೂರದ ದಾಯಾದಿಯೊಬ್ಬರು ಬಂದು ನಿಲ್ಲುತ್ತಿದ್ದರು. ಮೇಲಾಗಿ 2016ರಿಂದ ಸರಕಾರ ಕೊಬ್ಬರಿಗೆ ಕಿಲೋಗೆ 2 ಡಾಲರ್ ಕೊಡುತ್ತಿತ್ತು. ಕೊಬ್ಬರಿ ಕೊಯ್ಯುವುದು ಬಿಟ್ಟು ಯಾರದೋ ಪಾತಿಗೆ ಯಾರು ನೀರು ಹೊಯ್ಯುತ್ತಾರೆ? ಅಂಗಳದ ಬುಟ್ಟಿಗಾದರೆ ಪಾತ್ರೆ ತೊಳೆದ ನೀರೇ ಸಾಕು. ಆ ಕೊಬ್ಬರಿಯ ಸಿಪ್ಪೆ ರಾಶಿಯೇ ನಮಗೆ ಕಚ್ಚಾ ಮಾಲು.

ನನಗೆ ಅತಿ ಹೆಮ್ಮೆ ಇರುವ ಸಂಗತಿ ಇನ್ನೊಂದು. ಅಲ್ಲಿ ಬುಬುಸಿ ಎಂಬ ಪದ್ಧತಿ ಇದೆ. ನೆಂಟರು ಬಂದು ಒಂದು ವಸ್ತು ಕೇಳಿದರೆ ಇಲ್ಲ ಅನ್ನುವಂತಿಲ್ಲ. ನಮ್ಮ ಮೇಲಧಿಕಾರಿಗಳಿಗೆ ಇದು ದೊಡ್ಡ ತಲೆನೋವು. ಬೆಳೆದ ಸೊಪ್ಪು ಮಾರಾಟವಾಗದೆ ಹಂಚಿಹೋಗುತ್ತದೆ, ವರದಿಯಲ್ಲಿ ಆದಾಯದ ಕಾಲಂ ಖಾಲಿ. ನಾನು ಯೋಚಿಸಿದ್ದು ಉಲ್ಟಾ. ಕೇಳಿದವರಿಗೆ ಸೊಪ್ಪಿನ ಬದಲು ಬೇರು ಬಂದ ದಂಟನ್ನೇ ಕೊಡಲಿ, ಬುಟ್ಟಿ ಹೆಣೆದುಕೊಂಡು ಬಂದವರಿಗೆ ಒಂದು ಬಕೆಟ್ ಗೊಬ್ಬರವನ್ನೂ ಕೊಡಲಿ. ಹನ್ನೊಂದು ಮನೆಯಿಂದ ಶುರು ಮಾಡಿದ್ದು. ನಾನು ತರಬೇತಿ ಕೊಟ್ಟದ್ದು ನಲವತ್ತು ಮನೆಗೆ ಇರಬಹುದು. 2019ರ ಕೊನೆಗೆ ಮೂರು ಹಳ್ಳಿ ಸುತ್ತಿ ಎಣಿಸಿದಾಗ ಬುಟ್ಟಿ ಇಟ್ಟ ಮನೆ ನೂರಾ ಮೂವತ್ತರ ಮೇಲೆ ಸಿಕ್ಕಿತು. ನನ್ನ ಹೆಸರೂ ಕೇಳದ ಮನೆಗಳಲ್ಲಿ ಬಸಳೆ ಹಬ್ಬಿತ್ತು. ಬಸಳೆ ದಂಟನ್ನು ಊರಿಂದ ಒಯ್ದಿರಲಿಲ್ಲ, ಸಸ್ಯ ತಪಾಸಣೆಯವರು ಬಿಡುವುದೂ ಇಲ್ಲ. ತರಾವಾದ ಒಂದು ಅಂಗಳದಲ್ಲೇ ಸಿಕ್ಕಿತ್ತು. ನುಗ್ಗೆ, ಚಾಯಾ ಎಂಬ ಸೊಪ್ಪಿನ ಗಿಡ ಕೂಡ ಅಲ್ಲಿದ್ದವೇ.

ನಡುವೆ ಜೀವಾಮೃತವನ್ನೂ, ಅಂದರೆ ಸಗಣಿ, ಬೆಲ್ಲ, ಬೇಳೆ ಹಿಟ್ಟು ಕೊಳೆಸಿದ ದ್ರವಗೊಬ್ಬರವನ್ನೂ, ಮಾಡಿ ನೋಡಿದೆ. ದನವೇ ಇಲ್ಲ, ಬೆಲ್ಲವಿಲ್ಲ, ಬೇಳೆ ಹಿಟ್ಟಿಲ್ಲ. ಹಂದಿ ಗೊಬ್ಬರ, ಬೆಲ್ಲಕ್ಕೆ ಬದಲು ಕಮೈಮೈ. ಅವರು ತೆಂಗಿನ ಹೊಂಬಾಳೆಯಿಂದ ಇಳಿಸುವ ಕರೇವೆ, ಅಂದರೆ ನಮ್ಮ ನೀರಾ, ಅದನ್ನು ಕಾಯಿಸಿದ ಪಾಕ ಅದು. ವಾಸನೆಗೆ ನೊಣ ಮುತ್ತಿ ಎರಡನೇ ದಿನವೇ ಚೆಲ್ಲಬೇಕಾಯಿತು, ಪಾಕ ಕಾಯಿಸಿದವರಿಗೆ ಬೇಸರವಾಯಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವಂತೆ ಐಸ್ ಪೆಟ್ಟಿಗೆಯಲ್ಲಿ ಕರೇವೆ ಇಳಿಸಿ ಹುಳಿಯಾಗದಂತೆ ಇಡಲೂ ನೋಡಿದೆ. ರುಚಿ ಅದ್ಭುತ. ಆದರೆ ತರಾವಾದಿಂದ ಐಸ್ ತರುವ ದೋಣಿಯ ಪೆಟ್ರೋಲ್‌ಗೆ ಲೆಕ್ಕ ಹೊಂದಲಿಲ್ಲ. ಸೋಲಾರ್ ಫ್ರಿಜ್ ಇದ್ದ ಹಳ್ಳಿಯಲ್ಲಿ ಯಾರಾದರೂ ಮುಂದುವರಿಸಬಹುದು.

2020ರ ಮಾರ್ಚ್‌ನಲ್ಲಿ ಕಿರಿಬಾಸ್ ಗಡಿ ಮುಚ್ಚಿತು, ಮತ್ತೆ ತೆರೆಯಲು 2022 ಆಯಿತು. ಅಷ್ಟು ಕಾಲ ತಜ್ಞರಿಲ್ಲ, ಯೋಜನೆಯ ಗೊಬ್ಬರವಿಲ್ಲ. 2022ರ ಜೂನ್‌ನಲ್ಲಿ, ಶಾಂತ ಸಾಗರ ತಣ್ಣಗಾದಾಗ ಬರುವ ಲಾ ನಿನಾದ ಬರಕ್ಕೆ ಸರಕಾರ ವಿಪತ್ತು ಘೋಷಿಸಿತು, ಬಾವಿಗಳು ಉಪ್ಪಾದವು. ಅದೇ ಆಗಸ್ಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡಿದ ಹುಡುಗಿ ಫೋಟೋ ಕಳಿಸಿದಳು. ಬ್ಲಾಕಿನ ಪಾತಿಗಳಲ್ಲಿ ಹಂದಿ ಮಲಗಿವೆ. ಅಜ್ಜಿಯ ಅಂಗಳದಲ್ಲಿ ಒಂಬತ್ತು ಬುಟ್ಟಿ, ಎರಡು ಒಣಗಿವೆ, ಏಳರಲ್ಲಿ ಬಸಳೆ ಇದೆ, ಎಲೆ ಚಿಕ್ಕದು, ಬಣ್ಣ ಹಸಿರು. ಆ ಫೋಟೋವನ್ನು ನಾಂದಿಯ ಸಲಹೆಗಾರರಿಗೆ ಕಳಿಸಿದೆ. ಬುಟ್ಟಿಯ ಅಳತೆ ಕೇಳಿ ಉತ್ತರ ಬಂತು.

ಟೊಮೆಟೊ ಮಾತ್ರ ನನಗೆ ಒಲಿಯಲಿಲ್ಲ. ಹೂವು ಬರುತ್ತದೆ, ಕಾಯಿ ಕಚ್ಚುವುದಿಲ್ಲ. ರಾತ್ರಿಯ ಸೆಕೆಯೇ ಕಾರಣ ಇರಬೇಕು. ಈಗ ಅದೇ ಬುಟ್ಟಿಯನ್ನು ಉಳ್ಳಾಲದಲ್ಲಿ ಭಾವನ ಮನೆಯ ಕಡಲ ಮರಳಿನ ಮೇಲೆ ಇಟ್ಟಿದ್ದೇನೆ. ನಮ್ಮ ಮರಳು ಸುಣ್ಣದ್ದಲ್ಲ, ತುಕ್ಕು ಡಬ್ಬಿ ಬೇಡ, ಹಟ್ಟಿಗೊಬ್ಬರವೂ ಉಂಟು. ನಾಲ್ಕರಲ್ಲಿ ಹರಿವೆ ಎದ್ದಿದೆ, ಎರಡಕ್ಕೆ ಗೆದ್ದಲು ಬಂದು ಮಡಲು ತಿಂದಿದೆ. ಅಬಯಾಂಗ್‌ನಲ್ಲಿ ಈ ಕಾಟ ನನಗೆ ಬಂದಿರಲಿಲ್ಲ. ಬೇವಿನ ಹಿಂಡಿ ಹಾಕಿ ನೋಡುತ್ತಿದ್ದೇನೆ.