ಗದ್ದೆಯ ಬಯಕೆಯನ್ನು ಕಥೆಯಾಗಿಸುವುದು

ಮಲೆನಾಡಿನ ಜಾನಪದವನ್ನು ನೆಚ್ಚಿ ಅದ್ಭುತ ಕಥೆ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ದೆವ್ವವನ್ನು ಹುಡುಕುತ್ತಾರೆ. ಕೊಳ್ಳಿದೆವ್ವ, ಮೋಹಿನಿ, ಚೌಡಿ ಎಂದು ಹೆಸರುಗಳನ್ನು ಪಟ್ಟಿಮಾಡಿಕೊಂಡು ಅವುಗಳ ಮೇಲೆ ಆಗುಂಬೆಯ ಮಳೆ ಸುರಿಸಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ನಾನೂ ಒಮ್ಮೆ ಚೌಡಿಗೆ ಬಿಳಿ ಸೀರೆ ಉಡಿಸಿ, ಕೂದಲು ಬಿಚ್ಚಿಸಿ ಬರೆದಿದ್ದೆ. ಅದನ್ನು ಕೇಳಿದ ನೆರೆಮನೆಯ ಅಜ್ಜಿ ಹೆದರುವ ಬದಲು ನಕ್ಕುಬಿಟ್ಟರು. ಅವರ ಪಾಲಿಗೆ ಚೌಡಿಯೆಂದರೆ ತೋಟದಂಚಿನ ಮರದ ಬುಡದಲ್ಲಿ ಕಲ್ಲಾಗಿ ಕುಳಿತು ಗಡಿ ಕಾಯುವವಳು. ದನ ತಪ್ಪಿಸಿಕೊಂಡರೆ ಹರಕೆ ಹೊರುವುದು ಅವಳಿಗೆ, ಹರಕೆ ಮರೆತರೆ ಹೆದರಬೇಕಾದದ್ದೂ ಅವಳಿಗೇ.

ಆದ್ದರಿಂದ ಮೊದಲು ಗುರುತಿಸಿಕೊಳ್ಳಬೇಕಾದದ್ದು ಕಟ್ಟಳೆಯನ್ನು: ಯಾರು, ಯಾರಿಗೆ, ಯಾವ ದಿನ, ಯಾವ ಜಾಗದಲ್ಲಿ ಏನನ್ನು ಸಲ್ಲಿಸಬೇಕು, ಸಲ್ಲಿಸದಿದ್ದರೆ ಏನಾದೀತೆಂದು ಆ ಮನೆಯವರು ನಂಬಿದ್ದಾರೆ. ಇದನ್ನು ತಿಳಿಯಲು ಹಿರಿಯರ ಬಳಿ ಹೋದಾಗ 'ಚೌಡಿ ನಿಜವಾಗಿಯೂ ಇದ್ದಾಳೆಯೇ?' ಎಂದು ಕೇಳಬಾರದು. ಆ ಪ್ರಶ್ನೆಗೆ ಮೌನವೋ ಉಪದೇಶವೋ ಸಿಗುತ್ತದೆ. 'ಪೂಜೆ ತಪ್ಪಿದ ವರ್ಷ ಮನೆಯಲ್ಲಿ ಏನಾಯಿತು?' ಎಂದು ಕೇಳಿದರೆ ಕಥೆ ತಾನಾಗಿ ಹೊರಬರುತ್ತದೆ.

ಒಂದು ಆಚರಣೆಯನ್ನೇ ಹಿಡಿದು ನೋಡೋಣ. ಆಶ್ವಯುಜ ಮಾಸದ ಹುಣ್ಣಿಮೆಗೆ ಬರುವ ಭೂಮಿ ಹುಣ್ಣಿಮೆಯಂದು ಸಾಗರ, ಸೊರಬ ಸೀಮೆಯ ರೈತರು ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸುತ್ತಾರೆ. ಆ ಸೀಮೆಯ ಬೇಸಾಯಗಾರ ಸಮುದಾಯವಾದ ದೀವರ ಮನೆಗಳ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿಯನ್ನು ಸಿದ್ಧಪಡಿಸುತ್ತಾರೆ. ರಾತ್ರಿಯೆಲ್ಲ ಅಡುಗೆ ನಡೆಯುತ್ತದೆ. ನಸುಕಿನಲ್ಲಿ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಚರಗ ಬೀರುತ್ತಾರೆ, ಅಂದರೆ ಆ ಅಡುಗೆಯನ್ನು ನೆಲಕ್ಕೆ ಎಡೆಯಾಗಿ ಎರಚುತ್ತಾರೆ.

ಈ ಕಟ್ಟಳೆಯಲ್ಲಿ ಒಂದೇ ಒಂದು ಎಳೆಯನ್ನು ಸಡಿಲಿಸಬೇಕು, ಎರಡನೆಯದನ್ನು ಮುಟ್ಟಬಾರದು. ಮಲೆನಾಡಿನ ಎಷ್ಟೋ ಭತ್ತದ ಗದ್ದೆಗಳು ಈಗ ಅಡಿಕೆ ತೋಟಗಳಾಗಿವೆ. ತೋಟವಾದ ಮೇಲೂ ಆ ನೆಲದ ಬಯಕೆ ತೀರದೆ ಉಳಿದಿದ್ದರೆ ಏನಾಗಬಹುದು? ಪ್ರತಿ ಹುಣ್ಣಿಮೆಗೆ ಆ ಮನೆಯ ಅಡುಗೆಯಿಂದ ಒಂದೊಂದು ಪದಾರ್ಥದ ರುಚಿ ಹೋಗುತ್ತದೆ ಎಂದುಕೊಳ್ಳಿ: ಮೊದಲು ಕೆಸುವಿನ ಸೊಪ್ಪು, ಆಮೇಲೆ ಹೀರೇಕಾಯಿ, ಕೊನೆಗೆ ಅನ್ನ. ಇಷ್ಟು ನಿಶ್ಚಯವಾದ ಮೇಲೆ ಹೊಸ ಪವಾಡ ಬೇಡ. ಉಳಿದದ್ದನ್ನು ಮನೆಯ ನಿತ್ಯದ ಲೆಕ್ಕಾಚಾರವೇ ನಡೆಸಬೇಕು. ಗದ್ದೆಯನ್ನು ತೋಟ ಮಾಡಿದ ಮಗನಿಗೆ ಅಡಿಕೆಯ ದರ ಮುಖ್ಯ, ಬುಟ್ಟಿ ಬರೆಯುತ್ತಿದ್ದ ತಾಯಿಗೆ ಕೈ ನಡುಗುತ್ತದೆ, ಸೊಸೆಗೆ ಚಿತ್ತಾರ ಬಾರದು. ಆ ಸೊಸೆ ಬಸುರಿಯೂ ಆಗಿದ್ದರೆ ಬಯಕೆ ಯಾರದ್ದೆಂಬ ಅನುಮಾನ ಕಥೆಗೆ ಪುಕ್ಕಟೆಯಾಗಿ ಒದಗುತ್ತದೆ. ಅದನ್ನು ಬಿಡಿಸಿ ಹೇಳದಿರುವುದೇ ಲೇಸು.

ಕಾಲವನ್ನು ಅಳೆಯುವುದಕ್ಕೂ ಆ ಸೀಮೆಯದೇ ಗಡಿಯಾರ ಬೇಕು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ, ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೆ ಮುಳುಗಿದೆ; ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೇಳುತ್ತದೆ. ಜಲಾಶಯದ ಪೂರ್ಣಮಟ್ಟ 1,819 ಅಡಿ. ಮುಳುಗಡೆಯ ಕಥೆ ಬರೆಯುವವರಿಗೆ ತಿಥಿ ವಾರಗಳಿಗಿಂತ ಈ ಅಡಿಗಳ ಏರಿಳಿತವೇ ನಂಬಿಕೆಯ ಪಂಚಾಂಗ: ನೀರು ಇಷ್ಟಕ್ಕೆ ಇಳಿದಾಗ ಮಾತ್ರ ಹಳೆಯ ಬನದ ದಾರಿ ತೆರೆಯುತ್ತದೆ ಎಂಬ ನಿಯಮ ಮಾಡಿಕೊಳ್ಳಬಹುದು. ಸಿಗಂದೂರಿನ ದಾರಿಯಲ್ಲಿ 2025ರಲ್ಲಿ ಸೇತುವೆಯಾಗುವ ಮೊದಲು ಜನ ಲಾಂಚಿನಲ್ಲಿ ದಾಟುತ್ತಿದ್ದರು ಎಂಬುದು ತಿಳಿಯದೆ ಆ ಹಿನ್ನೀರಿನ ಕಥೆ ಬರೆದರೆ ವರ್ಷ ತಪ್ಪುತ್ತದೆ. ಮುಳುಗಡೆಯ ಕುಟುಂಬಗಳಲ್ಲಿ ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವವರಿದ್ದಾರೆ. ಮುಳುಗಿದ ಊರನ್ನು ಬರೀ ಚೆಲುವಾದ ಚಿತ್ರವಾಗಿ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಮಾತಿನ ವಿಷಯದಲ್ಲಿ ಜಾಗ್ರತೆ ಬೇಕು. ಹವ್ಯಕರ ಮನೆಯ ಕನ್ನಡ, ದೀವರ ಮನೆಯ ಕನ್ನಡ, ತೀರ್ಥಹಳ್ಳಿಯ ಒಕ್ಕಲಿಗರ ಕನ್ನಡ ಒಂದೇ ಅಲ್ಲ. ಮೂರನ್ನೂ ಕಲಸಿ 'ಮಲೆನಾಡ ಭಾಷೆ' ಮಾಡಿದರೆ ಯಾರ ಮನೆಯೂ ಕೇಳಿಸದು. ಆ ಸಮುದಾಯದವರಲ್ಲದ ಲೇಖಕರು ಬುಟ್ಟಿ ಹೊತ್ತವಳ ಮನಸ್ಸನ್ನು ಹೊಕ್ಕುವುದಕ್ಕಿಂತ ಗದ್ದೆಯ ಅಂಚಿನಲ್ಲಿ ನಿಂತು ನೋಡುವವನ ಕಣ್ಣಿನಿಂದ ಹೇಳುವುದು ಪ್ರಾಮಾಣಿಕವಾದೀತು.

ಬರೆದು ಮುಗಿಸಿದ ಮೇಲೆ ಆ ಸೀಮೆಯ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. 'ಹೀಗೆಲ್ಲ ಆಗುವುದುಂಟೇ?' ಎಂದು ಅವರು ಕೇಳಿದರೆ ಚಿಂತೆಯಿಲ್ಲ. 'ಚರಗವನ್ನು ಮಧ್ಯಾಹ್ನ ಬೀರುವುದಿಲ್ಲ' ಎಂದರೆ ಮಾತ್ರ ಮತ್ತೆ ಬರೆಯಲು ಕೂರಬೇಕು.