ಕೆಮಿಕಲ್ ಡಿಗ್ರಿ ಕೈಯಲ್ಲಿದೆ. ಮುಂಬೈಯಲ್ಲಿ ಕೆಲಸ ಹುಡುಕುವುದು ಹೇಗೆ?

ಕೆಮಿಕಲ್ ಅಥವಾ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಮುಗಿಸಿದ ನಮ್ಮ ಕನ್ನಡದ ಹುಡುಗ ಹುಡುಗಿಯರು ಮುಂಬೈಯಲ್ಲಿ ಮಾಡುವುದು ಸಾಮಾನ್ಯವಾಗಿ ಒಂದೇ. ಹತ್ತು ದೊಡ್ಡ ಕಂಪನಿಗಳ ಹೆಸರು ಬರೆದುಕೊಳ್ಳುತ್ತಾರೆ. ಒಂದೇ ರೆಸ್ಯೂಮೆಯನ್ನು ಎಲ್ಲರಿಗೂ ಕಳಿಸಿ ಕಾಯುತ್ತಾರೆ. ಉತ್ತರ ಬರಲಿಲ್ಲ ಅಂತ ಕೊನೆಗೆ ಕೋಡಿಂಗ್ ಕ್ಲಾಸಿಗೆ ಸೇರುತ್ತಾರೆ. ಕೋಡಿಂಗ್ ಇಷ್ಟ ಇದ್ದರೆ ಸರಿ. ಇಲ್ಲದಿದ್ದರೆ ಅವಸರ ಬೇಡ. ಈ ಊರಿನ ಸುತ್ತ ರಿಫೈನರಿಯಿಂದ ಹಿಡಿದು ಬಣ್ಣ, ಔಷಧಿ, ಗೊಬ್ಬರದವರೆಗೆ ಎಲ್ಲ ಬಗೆಯ ಕಾರ್ಖಾನೆಗಳಿವೆ. ಹುಡುಕುವ ಕ್ರಮ ಬದಲಾಗಬೇಕು, ಅಷ್ಟೇ.

1. ಕಂಪನಿ ಆಮೇಲೆ, ಮೊದಲು ದಿನ ಹೇಗಿರಬೇಕು ಅಂತ ನೋಡಿ

ಪ್ಲಾಂಟ್ ಅಂದರೆ ಶಿಫ್ಟ್. ರಿಯಾಕ್ಟರ್, ಸೆಂಟ್ರಿಫ್ಯೂಜ್, ಡ್ರೈಯರ್ ಮಧ್ಯೆ ಓಡಾಟ, ಬ್ಯಾಚ್ ರೆಕಾರ್ಡ್ ತುಂಬುವುದು, ವಾರದಲ್ಲಿ ಕೆಲವು ರಾತ್ರಿ ಪಾಳಿ. ಡಿಸೈನ್ ಆಫೀಸು ಅಂದರೆ ಏಸಿ, ಕಂಪ್ಯೂಟರ್, ಡ್ರಾಯಿಂಗ್. ಪರಿಸರ ಸಲಹಾ ಸಂಸ್ಥೆ ಅಂದರೆ ಅರ್ಧ ದಿನ ಸೈಟು, ಅರ್ಧ ದಿನ ವರದಿ. ಇವುಗಳಲ್ಲಿ ನಿಮ್ಮ ಮೈಗೆ, ಮನಸ್ಸಿಗೆ ಒಗ್ಗುವುದು ಯಾವುದು ಅಂತ ಮನೆಯವರ ಜೊತೆ ಕೂತು ಮೊದಲೇ ಮಾತಾಡಿ. ಮುಂಬೈಯಲ್ಲಿ ಹೋಟೆಲ್ ನಡೆಸಿದ ಅಪ್ಪನಿಗೆ ರಾತ್ರಿ ದುಡಿಮೆ ಹೊಸದಲ್ಲ. ಆದರೂ ‘ಎಂಜಿನಿಯರ್ ಆದ ಮೇಲೂ ನೈಟ್ ಡ್ಯೂಟಿಯಾ ಮಗಾ?’ ಅಂತ ಕೇಳೇ ಕೇಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ವರ್ಷ ಪ್ಲಾಂಟಿನಲ್ಲೇ ಕಳೆಯಿರಿ. ಪಂಪಿನ ಸದ್ದು ಕೇಳಿಯೇ ಏನೋ ಕೆಟ್ಟಿದೆ ಅಂತ ಗೊತ್ತಾಗುವವರನ್ನು ಡಿಸೈನ್ ಆಫೀಸಿನವರೂ, ಸಲಹಾ ಸಂಸ್ಥೆಯವರೂ ಖುಷಿಯಿಂದ ಕರೆಯುತ್ತಾರೆ. ಆಫೀಸಿನಿಂದ ಪ್ಲಾಂಟಿಗೆ ಹೋಗುವ ದಾರಿ ಅಷ್ಟು ಸಲೀಸಲ್ಲ.

2. ರೈಲಿನ ನಕ್ಷೆ ಬಿಚ್ಚಿ

ಚೆಂಬೂರು–ಮಾಹುಲ್ ಕಡೆ ಬಿಪಿಸಿಎಲ್, ಎಚ್‌ಪಿಸಿಎಲ್ ರಿಫೈನರಿಗಳು, ರಾಷ್ಟ್ರೀಯ ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ (ಆರ್‌ಸಿಎಫ್) ಇವೆ. ಎಲ್ಲರ ಅರ್ಜಿ ಹೋಗುವುದು ಇಲ್ಲಿಗೇ. ಹೊಸಬರಿಗೆ ಬಾಗಿಲು ಬೇಗ ತೆರೆಯುವುದು ಎಂಐಡಿಸಿ (ರಾಜ್ಯ ಸರ್ಕಾರದ ಕೈಗಾರಿಕಾ ಪ್ರದೇಶ)ಗಳ ಮಧ್ಯಮ ಗಾತ್ರದ ಘಟಕಗಳಲ್ಲಿ: ಠಾಣೆ–ಬೇಲಾಪುರ ಪಟ್ಟಿ, ತಳೋಜಾ, ಡೊಂಬಿವಲಿ, ಅಂಬರ್‌ನಾಥ್, ಬದಲಾಪುರ, ಬೋಯಿಸರ್ ಪಕ್ಕದ ತಾರಾಪುರ. ಕೊಂಕಣದ ದಾರಿ ಹಿಡಿದರೆ ಪಾತಾಳಗಂಗಾ, ರೋಹಾ, ಮಹಾಡ್, ಚಿಪಳೂಣದ ಹತ್ತಿರದ ಲೋಟೆ. ಮನೆ ಘಾಟ್‌ಕೋಪರ್‌ನಲ್ಲಿದ್ದು ಕೆಲಸ ತಾರಾಪುರದಲ್ಲಿ ಸಿಕ್ಕರೆ ದಿನಾ ಓಡಾಡುವ ಲೆಕ್ಕ ಹಾಕಬೇಡಿ. ಅಲ್ಲೇ ರೂಮು ನೋಡಿ.

ಪುಣೆಯ ರುಚಿ ಬೇರೆ. ಬಾಯ್ಲರ್ ಮತ್ತು ನೀರು ಶುದ್ಧೀಕರಣದ ಥರ್ಮ್ಯಾಕ್ಸ್, ಎಥೆನಾಲ್ ಘಟಕಗಳನ್ನು ಕಟ್ಟಿಕೊಡುವ ಪ್ರಾಜ್ ಎರಡರ ಮುಖ್ಯ ಕಚೇರಿಯೂ ಅಲ್ಲೇ. ಯಂತ್ರ ಕಟ್ಟುವ, ಚಾಲೂ ಮಾಡಿಕೊಡುವ ಕೆಲಸ ಇಷ್ಟ ಇದ್ದವರಿಗೆ ಆ ಊರು. ದೌಂಡ್ ಹತ್ತಿರದ ಕುರಕುಂಭದಲ್ಲಿ ರಾಸಾಯನಿಕ ಎಂಐಡಿಸಿಯೂ ಇದೆ. ಗೋವಾದಲ್ಲಿ ವೆರ್ಣಾ, ಕುಂಡೈ ಕಡೆ ಔಷಧಿ ಕಾರ್ಖಾನೆಗಳಿವೆ.

3. ಇಟಿಪಿ ಅಂದರೆ ಮೂಗು ಮುರಿಯಬೇಡಿ

ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಘಟಕವೇ ಇಟಿಪಿ. ಕಾಲೇಜಿನಲ್ಲಿ ಯಾರೂ ಇದರ ಕನಸು ಕಾಣುವುದಿಲ್ಲ. ಆದರೆ ಕೆಮಿಕಲ್, ಎನ್ವಿರಾನ್‌ಮೆಂಟಲ್ ಎರಡೂ ಡಿಗ್ರಿ ಕೂಡುವ ಜಾಗ ಇದು, ಮತ್ತು ನೀರು ಸರಿಯಿಲ್ಲದಿದ್ದರೆ ಇಡೀ ಕಾರ್ಖಾನೆಗೆ ಬೀಗ ಬೀಳಬಹುದು. ಹಾಗಾಗಿ ಇಲ್ಲಿ ಕೆಲಸ ಬಲ್ಲವರ ಮಾತಿಗೆ ಬೆಲೆ ಜಾಸ್ತಿ.

ಸಂದರ್ಶನಕ್ಕೆ ಮುಂಚೆ ನೀರಿನ ಹಾದಿಯನ್ನು ಬಾಯಲ್ಲಿ ಹೇಳಲು ಕಲಿಯಿರಿ. ಬೇರೆ ಬೇರೆ ವಿಭಾಗದ ನೀರು ಮೊದಲು ಈಕ್ವಲೈಸೇಶನ್ ಟ್ಯಾಂಕಿನಲ್ಲಿ ಬೆರೆಯುತ್ತದೆ. ಪಿಎಚ್ ಸರಿ ಮಾಡಿ, ಗಸಿ ಕೂರಿಸಿ, ಗಾಳಿ ಊದುವ ಏರೇಶನ್ ಟ್ಯಾಂಕಿಗೆ ಬಿಡುತ್ತಾರೆ. ಅಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳ ಕೆಲಸ. ಆಮೇಲೆ ಗಸಿ ಕೂರಿಸುವ ಇನ್ನೊಂದು ಟ್ಯಾಂಕು (ಕ್ಲಾರಿಫೈಯರ್), ಫಿಲ್ಟರ್. ಗಸಿ ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿಸಿಕೊಂಡು, ಅಪಾಯಕಾರಿ ತ್ಯಾಜ್ಯವಾದರೆ ತಳೋಜಾದಂಥ ವಿಲೇವಾರಿ ಕೇಂದ್ರಕ್ಕೆ ಹೋಗುತ್ತದೆ.

ಕೇಳುವ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಸಿಒಡಿಗೂ ಬಿಒಡಿಗೂ ಏನು ವ್ಯತ್ಯಾಸ? ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾಗುವ ಆಮ್ಲಜನಕ ಬಿಒಡಿ, ರಾಸಾಯನಿಕದಿಂದ ಒಡೆಯಲು ಬೇಕಾಗುವುದು ಸಿಒಡಿ. ಪುಸ್ತಕದಲ್ಲಿ ಬಿಒಡಿ ಪರೀಕ್ಷೆ 20 ಡಿಗ್ರಿಯಲ್ಲಿ 5 ದಿನ ಅಂತ ಇರುತ್ತದೆ. ನಮ್ಮ ದೇಶದ ಮಾನದಂಡದಲ್ಲಿ 27 ಡಿಗ್ರಿಯಲ್ಲಿ 3 ದಿನ. ಯಾಕೆ? ನಮ್ಮ ಬಿಸಿಲಿಗೆ ಅದು ಹೊಂದುತ್ತದೆ, ಫಲಿತಾಂಶವೂ ಬೇಗ ಕೈಗೆ ಬರುತ್ತದೆ. ನದಿ, ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಎಷ್ಟು? ಪಿಎಚ್ 5.5ರಿಂದ 9, ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಸಿಒಡಿ 250. ಕಾರ್ಖಾನೆಗೆ ಕೊಟ್ಟ ಅನುಮತಿ ಪತ್ರದಲ್ಲಿ ಇದಕ್ಕಿಂತ ಬಿಗಿ ಮಿತಿಯೂ ಇರಬಹುದು. ಏರೇಶನ್ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ರಾತ್ರಿ ನಿಂತುಹೋದರೆ ಏನು ಮಾಡ್ತೀರಿ? ಈ ಕೊನೆಯ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ. ಹಾಗಾಗಿ ಒಳಬರುವ ನೀರನ್ನು ತಡೆದು, ಸ್ಟ್ಯಾಂಡ್‌ಬೈ ಬ್ಲೋವರ್ ಹಚ್ಚಿ, ಮೇಲಿನವರಿಗೆ ಫೋನ್ ಮಾಡಬೇಕು. ಇದನ್ನು ತಡವರಿಸದೆ ಹೇಳಿದವರು ಅರ್ಧ ಗೆದ್ದ ಹಾಗೆ.

ಕಾರ್ಖಾನೆಯೇ ಆಗಬೇಕೆಂದಿಲ್ಲ. ಹಲವು ಕಾರ್ಖಾನೆಗಳ ನೀರು ಒಟ್ಟಿಗೆ ಶುದ್ಧ ಮಾಡುವ ಸಿಇಟಿಪಿಗಳಿವೆ. ಮುಂಬೈ ಪಾಲಿಕೆ ವರಳಿ, ಬಾಂದ್ರಾ, ಧಾರಾವಿ, ಮಲಾಡ್ ಸೇರಿ 7 ಕಡೆ ಹೊಸ ಚರಂಡಿ ನೀರು ಶುದ್ಧೀಕರಣ ಘಟಕಗಳನ್ನು ಕಟ್ಟಿಸುತ್ತಿದೆ. ಪುಣೆಯ ಮುಳಾ–ಮುಠಾ ನದಿ ಯೋಜನೆಯಲ್ಲಿ 11 ಘಟಕಗಳಿವೆ. ಕಟ್ಟಿದ ಮೇಲೆ ನಡೆಸಲು ಜನ ಬೇಕಲ್ವಾ? ಪಾಲಿಕೆಯ ಜಾಹೀರಾತಿಗೆ ಮಾತ್ರ ಕಾಯಬೇಡಿ. ಗುತ್ತಿಗೆ ಪಡೆದ ಕಂಪನಿಗಳ ನೇಮಕಾತಿ ನೋಡಿ.

4. ಕಾನೂನಿನ ಕಾಗದ ಓದಲು ಕಲಿಯಿರಿ

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆ. ಪೂರ್ತಿ ಬಾಯಿಪಾಠ ಬೇಡ. ಕಾರ್ಖಾನೆ ಕಟ್ಟುವ ಮುಂಚೆ ಒಂದು ಅನುಮತಿ, ನಡೆಸಲು ಇನ್ನೊಂದು ಅನುಮತಿ ಬೇಕು. ಮಾಲಿನ್ಯಕ್ಕೆ ತಕ್ಕಂತೆ ಕಾರ್ಖಾನೆಗಳಿಗೆ ಕೆಂಪು, ಕಿತ್ತಳೆ, ಹಸಿರು ಮುಂತಾದ ವರ್ಗಗಳಿವೆ. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ ಜೂನ್ 30ರೊಳಗೆ, ಪರಿಸರ ಹೇಳಿಕೆಯ ಫಾರ್ಮ್ 5 ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಇಷ್ಟು ಗೊತ್ತಿದ್ದರೆ ಹೊಸಬರ ಸಾಲಿನಲ್ಲಿ ನೀವು ಮುಂದೆ.

ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಖ್ಯ ಕಚೇರಿ ಸಯನ್‌ನಲ್ಲಿದೆ. ಅಲ್ಲಿನ ನೇಮಕಾತಿಗೆ ಮರಾಠಿ ಬೇಕೇ ಬೇಕು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಇದು ಕಷ್ಟವಲ್ಲ. ರಾಜ್ಯದ ನಿವಾಸಿ ಅನ್ನುವ ಡೊಮಿಸೈಲ್ ಸರ್ಟಿಫಿಕೇಟಿಗೆ 15 ವರ್ಷದ ವಾಸದ ದಾಖಲೆ ಕೇಳುತ್ತಾರೆ. ಶಾಲೆಯ ಕಾಗದಗಳನ್ನು ಈಗಲೇ ಹುಡುಕಿಡಿ. ಸುರತ್ಕಲ್, ಮೈಸೂರು ಕಡೆಯಿಂದ ಈಗಷ್ಟೇ ಬಂದವರು ಖಾಸಗಿ ಸಲಹಾ ಸಂಸ್ಥೆಗಳನ್ನು ನೋಡಿ. ಇಐಎ ವರದಿ ಮಾಡುವ ಸಂಸ್ಥೆಗೆ ನ್ಯಾಬೆಟ್ (ಇಂಥ ಸಲಹಾ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಅಂತ ಸೇರುವ ಮುಂಚೆ ವಿಚಾರಿಸಿ. ಇಲ್ಲದಿದ್ದರೆ ಆ ಅನುಭವಕ್ಕೆ ಮುಂದೆ ತೂಕ ಕಡಿಮೆ.

ಇದೇ ದಾರಿಯ ಹೊಸ ಕವಲು ಇಎಸ್‌ಜಿ, ಅಂದರೆ ಪರಿಸರ, ಸಮಾಜ, ಆಡಳಿತದ ಬಗ್ಗೆ ಕಂಪನಿಗಳು ಕೊಡುವ ವರದಿ. ಷೇರುಪೇಟೆಯ ಮೊದಲ 1000 ಕಂಪನಿಗಳು ನೀರು, ವಿದ್ಯುತ್, ಹೊಗೆಯ ಲೆಕ್ಕ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಸಂಬಳ ಚೆನ್ನಾಗಿದೆ. ಆದರೆ ಬಾಯ್ಲರನ್ನೇ ನೋಡದವರು ಅದರ ಹೊಗೆಯ ವರದಿ ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ.

5. ಸೇಫ್ಟಿ ಆಫೀಸರ್

ಅಪಾಯಕಾರಿ ಪ್ರಕ್ರಿಯೆ ಇರುವ ದೊಡ್ಡ ಕಾರ್ಖಾನೆಗಳಿಗೆ ಸುರಕ್ಷಾ ಅಧಿಕಾರಿ ಬೇಕು ಅನ್ನುವುದು ಕಾನೂನು. ಡೊಂಬಿವಲಿಯಲ್ಲಿ 2016ರಲ್ಲೂ 2024ರಲ್ಲೂ ಮೇ ತಿಂಗಳಲ್ಲೇ ಸ್ಫೋಟ ಆಗಿದ್ದು ನೆನಪಿರಬಹುದು. ಡಿಗ್ರಿ, ಪ್ಲಾಂಟಿನ ಅನುಭವ, ಜೊತೆಗೆ ಒಂದು ವರ್ಷದ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಇದ್ದರೆ ಈ ಹುದ್ದೆಗೆ ಅರ್ಹತೆ ಬರುತ್ತದೆ. ಸಯನ್‌ನ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಈ ಕೋರ್ಸ್ ನಡೆಸುತ್ತದೆ. ಕೆಲಸಗಾರರ ಭಾಷೆ ಬರಬೇಕು ಅನ್ನುವ ಷರತ್ತೂ ಇರುತ್ತದೆ. ಮತ್ತೆ ಮರಾಠಿ!

6. ಡಿಸೈನ್ ಆಫೀಸಿಗೆ ಹೋಗುವವರು ಸಾಫ್ಟ್‌ವೇರ್ ಕಲಿಯಿರಿ

ಪವಾಯಿ, ಕಾಂಜೂರ್‌ಮಾರ್ಗ್ ಕಡೆ ರಿಫೈನರಿ, ಗೊಬ್ಬರ ಘಟಕಗಳನ್ನು ವಿನ್ಯಾಸ ಮಾಡುವ ಕಂಪನಿಗಳಿವೆ. ಅವರು ಕೇಳುವುದು ಘಟಕದ ಲೆಕ್ಕಾಚಾರವನ್ನು ಕಂಪ್ಯೂಟರಿನಲ್ಲಿ ಮಾಡುವ ಆಸ್ಪೆನ್, ಹೈಸಿಸ್. ಅವು ದುಬಾರಿ. ಸುಮ್ನೆ ಕಳ್ಳ ಪ್ರತಿ ಹುಡುಕಬೇಡಿ, ಅಂಥದ್ದೇ ಸಾಫ್ಟ್‌ವೇರ್ ಡಿಡಬ್ಲ್ಯುಸಿಮ್ ಉಚಿತ. ಐಐಟಿ ಬಾಂಬೆಯ ಫಾಸಿ (ಉಚಿತ ಸಾಫ್ಟ್‌ವೇರ್ ಬಳಕೆ ಬೆಳೆಸುವ) ಯೋಜನೆಯವರು ಅದರಲ್ಲಿ ಫ್ಲೋಶೀಟ್ (ಘಟಕದ ಹಂತಗಳ ನಕ್ಷೆ) ಮಾಡುವ ಅವಕಾಶವನ್ನೂ ಕೊಡುತ್ತಾರೆ. ನೀವೇ ಮಾಡಿದ ಎರಡು ಫ್ಲೋಶೀಟ್ ರೆಸ್ಯೂಮೆಯಲ್ಲಿದ್ದರೆ ಮಾತಾಡಲು ವಿಷಯ ಸಿಗುತ್ತದೆ.

7. ಗೇಟ್ ಬರೆಯುವುದಾದರೆ ಪೇಪರ್ ಸರಿಯಾಗಿ ಆರಿಸಿ

ಗೇಟ್ ಅಂದರೆ ಎಂಟೆಕ್ ಮತ್ತು ಸರ್ಕಾರಿ ಕಂಪನಿಗಳ ಕೆಲಸಕ್ಕೆ ಬೇಕಾಗುವ ರಾಷ್ಟ್ರಮಟ್ಟದ ಪರೀಕ್ಷೆ. ಕೆಮಿಕಲ್‌ಗೆ ಸಿಎಚ್ ಪೇಪರ್, ಪರಿಸರಕ್ಕೆ 2021ರಿಂದ ಇಎಸ್. ಸರ್ಕಾರಿ ತೈಲ ಕಂಪನಿಗಳು ಜಾಸ್ತಿ ಕೇಳುವುದು ಸಿಎಚ್. ಇಎಸ್ ಹೆಚ್ಚಾಗಿ ಎಂಟೆಕ್‌ಗೆ ಉಪಯೋಗ. ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಕೆಲಸ ಮಾಡುತ್ತಲೇ ಬರೆಯಬಹುದು. ಟ್ರಾಂಬೆಯ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಕೆಮಿಕಲ್ ಎಂಜಿನಿಯರ್‌ಗಳನ್ನು ಒಂದು ವರ್ಷದ ತರಬೇತಿಗೆ ತೆಗೆದುಕೊಂಡು ವಿಜ್ಞಾನಿ ಹುದ್ದೆ ಕೊಡುತ್ತದೆ. ಓದು ಮುಂದುವರಿಸುವವರಿಗೆ ಮಾಟುಂಗದ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಇದೆ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ವಿಭಾಗವಾಗಿ (ಯುಡಿಸಿಟಿ) ಶುರುವಾದದ್ದು. ಸಂಶೋಧನೆ ಬೇಕೆಂದರೆ ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ).

8. ಎಲ್ಲೂ ಸಿಗದಿದ್ದರೆ ಅಪ್ರೆಂಟಿಸ್, ಸಿಕ್ಕರೆ ಕಾಗದ ನೋಡಿ

ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಒಂದು ವರ್ಷದ ಪದವೀಧರ ಅಪ್ರೆಂಟಿಸ್ ಅವಕಾಶ ಸಿಗುತ್ತದೆ. ಸ್ಟೈಪೆಂಡ್ ಕಡಿಮೆ. ಆದರೆ ಸರ್ಕಾರಿ ಕಂಪನಿಗಳ ಗೇಟಿನೊಳಗೆ ಹೋಗಲು ಇದು ಸುಲಭದ ದಾರಿ. ಮಾಟುಂಗದ ಮೈಸೂರು ಅಸೋಸಿಯೇಶನ್‌ನಂಥ ಕಡೆ ಕಾರ್ಯಕ್ರಮಕ್ಕೆ ಹೋದಾಗ ಚೆಂಬೂರಿನ ಕಂಪನಿಗಳಿಂದ ನಿವೃತ್ತರಾದ ಹಿರಿಯರು ಸಿಕ್ಕರೆ ಸಂಕೋಚ ಬಿಟ್ಟು ಮಾತಾಡಿಸಿ. ಕೆಲಸ ಕೊಡಿಸಿ ಅನ್ನಬೇಡಿ. ಯಾವ ಕಾರ್ಖಾನೆಯಲ್ಲಿ ಕಲಿಯಲು ಸಿಗುತ್ತದೆ ಅಂತ ಕೇಳಿ.

ಆಫರ್ ಬಂದಾಗ ಸಂಬಳದ ಸಾಲಿನಲ್ಲೇ ಕಣ್ಣು ನಿಲ್ಲಿಸಬೇಡಿ. ಬಾಂಡ್ ಎಷ್ಟು ವರ್ಷ, ರಾತ್ರಿ ಪಾಳಿಗೆ ಬಸ್ ಇದೆಯೇ, ಪಿಎಫ್ ಮತ್ತು ವೈದ್ಯಕೀಯ ವಿಮೆ ಇದೆಯೇ ನೋಡಿ. ಸೇರುವ ಮುಂಚೆ ಒಂದು ಸಲ ಪ್ಲಾಂಟ್ ತೋರಿಸಲು ಕೇಳಿ. ಒಳಗೆ ಹೋದಾಗ ಕಣ್ಣಿಗೆ ರಾಸಾಯನಿಕ ಸಿಡಿದರೆ ತೊಳೆಯುವ ಐವಾಶ್‌ನ ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆಯೇ ಅಂತ ಗಮನಿಸಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.